ಷಾತೋನೆಫಿನ ಕೆಂಪು ದ್ರಾಕ್ಷಾಮದ್ಯ: ಮಿಶ್ರಣವೂ ಹೆಸರಿನ ಹಕ್ಕೂ

ಒಂದು ಊರಿನ ಹೆಸರನ್ನು ಹೊತ್ತ ಪದಾರ್ಥವು ಶುದ್ಧವೆನಿಸಬೇಕಾದರೆ ಅದರಲ್ಲಿ ಬೆರಕೆಯಿರಬಾರದೆಂಬುದು ಲೋಕದ ಸಾಮಾನ್ಯವಾದ ನಂಬುಗೆ. ದಕ್ಷಿಣ ಫ್ರಾನ್ಸಿನಲ್ಲಿ, ರೋನ್ ನದಿಯ ಎಡದಂಡೆಯ ಮೇಲಿರುವ ಷಾತೋನೆಫ್-ದ್ಯು-ಪಾಪ್ ಗ್ರಾಮದ ಕೆಂಪು ದ್ರಾಕ್ಷಾಮದ್ಯದ ಚರಿತ್ರೆಯು ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಒದಗಿಸುತ್ತದೆ. ಅಲ್ಲಿ ಹಲವು ಜಾತಿಯ ದ್ರಾಕ್ಷಿಗಳನ್ನು ಕೂಡಿಸುವುದು ಸಂಪ್ರದಾಯ. ಅನ್ಯಸ್ಥಳದ ಮದ್ಯವನ್ನು ಗುಟ್ಟಾಗಿ ಬೆರಸುವುದು ಅಪರಾಧ. ಈ ಭೇದವನ್ನು ಸ್ಥಾಪಿಸಲು ಆ ಗ್ರಾಮದವರು ಪಟ್ಟ ಶ್ರಮವೇ ಇಲ್ಲಿಯ ವಿಚಾರ.

ಗ್ರಾಮದ ಹೆಸರಿಗೆ ‘ಪೋಪನ ಹೊಸಕೋಟೆ’ ಎಂದರ್ಥ. ಕ್ರಿ. ಶ. 1309ರಿಂದ 1377ರ ವರೆಗೆ ಪೋಪರು ರೋಮನ್ನು ಬಿಟ್ಟು ಸಮೀಪದ ಆವಿನ್ಯೋಂ ನಗರದಲ್ಲಿ ನೆಲಸಿದ್ದರು. ಇಪ್ಪತ್ತೆರಡನೆಯ ಜಾನ್ ಪೋಪನು ಈ ಗ್ರಾಮದ ದಿಬ್ಬದ ಮೇಲೆ ಕೋಟೆಯೊಂದನ್ನು ಕಟ್ಟಿಸಿದನು. ಆದರೆ ಊರಿಗೆ ಈಗಿನ ಹೆಸರು ಅಧಿಕೃತವಾಗಿ ಬಂದುದು 1893ರಲ್ಲಿ. ಅದುವರೆಗೆ ಅದು ಷಾತೋನೆಫ್-ಕಾಲ್ಸೆರ್ನಿಯೇ ಎನಿಸಿತ್ತು.

ಮಿಶ್ರಣಕ್ಕೆ ಕಾರಣವು ಅಲ್ಲಿಯ ಹವೆಯಲ್ಲಿದೆ. ಬೇಸಗೆಯ ಬಿಸಿಲು ಪ್ರಖರವಾದುದು. ನೆಲದ ಮೇಲೆ ಹರಡಿರುವ ದುಂಡುಗಲ್ಲುಗಳು ಹಗಲಿನ ಕಾವನ್ನು ಹಿಡಿದಿಟ್ಟು ರಾತ್ರಿ ಹೊರಸೂಸುತ್ತವೆ. ಮಿಸ್ತ್ರಾಲ್ ಎಂಬ ಉತ್ತರದ ಗಾಳಿಯು ತೋಟಗಳನ್ನು ಒಣಗಿಸುತ್ತದೆ. ಇಂಥಲ್ಲಿ ಪ್ರಧಾನ ಬೆಳೆಯಾದ ಗ್ರೆನಾಷ್ ದ್ರಾಕ್ಷಿಯು ಸಕ್ಕರೆಯಿಂದ ತುಂಬಿ ಮಾಗುತ್ತದೆ. ಅದರ ಮದ್ಯವು ತೀಕ್ಷ್ಣವಾದರೂ ಬಣ್ಣವೂ ಒಗರೂ ಸಾಲದೆ, ಗಾಳಿ ತಗಲಿದರೆ ಬೇಗನೆ ಕೆಡುವ ಸ್ವಭಾವದ್ದು. ಸಿರಾ ಜಾತಿಯು ಬಣ್ಣವನ್ನೂ, ತಡವಾಗಿ ಮಾಗುವ ಮೂರ್ವೆದ್ರ್ ಜಾತಿಯು ಒಗರನ್ನೂ ಬಾಳಿಕೆಯನ್ನೂ, ಸೇಂಸೋ ಜಾತಿಯು ಪರಿಮಳವನ್ನೂ ತುಂಬಿಕೊಡುತ್ತವೆ. ಹೀಗೆ ಒಂದರ ಕೊರತೆಯನ್ನು ಮತ್ತೊಂದು ನೀಗಿಸುತ್ತದೆ.

ಆದರೆ ಈ ತೀಕ್ಷ್ಣತೆಯೇ ಊರಿನ ಹೆಸರಿಗೆ ಮುಳುವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಮದ್ಯದ ಬಹುಭಾಗವು ಬರ್ಗಂಡಿಗೆ ಸಾಗಿ, ಅಲ್ಲಿಯ ತೆಳುವಾದ ಮದ್ಯಕ್ಕೆ ಬಲ ಕೊಟ್ಟು, ತನ್ನ ಹೆಸರನ್ನು ಕಳೆದುಕೊಳ್ಳುತ್ತಿತ್ತು. ಬಳಿಕ ಫಿಲ್ಲಾಕ್ಸೆರ ಎಂಬ ಕೀಟವು ಬಳ್ಳಿಗಳ ಬೇರನ್ನು ತಿಂದು ತೋಟಗಳನ್ನು ಹಾಳುಮಾಡಿತು. 1868ರಲ್ಲಿ ಮೋಂಪೆಲಿಯೆಯ ಪ್ಲಾಂಷೋನನು ಈ ಕೀಟವನ್ನು ಗುರುತಿಸಿದನು. ಅಮೆರಿಕದ ಬೇರಿಗೆ ಕಸಿ ಕಟ್ಟಿದ ಮೇಲೆಯೇ ಬಳ್ಳಿಗಳು ಮರಳಿ ಚಿಗುರಿದುವು. ಊರಿನ ಕೀರ್ತಿ ಬೆಳೆದಂತೆ, ಬೇರೆಡೆಯ ಮದ್ಯವನ್ನು ಅದರ ಹೆಸರಿನಲ್ಲಿ ಮಾರುವ ವಂಚನೆಯೂ ಬೆಳೆಯಿತು.

ಆಗ ಬೆಳೆಗಾರರಿಗೆ ಮುಂದಾಳಾದವನು ನ್ಯಾಯಶಾಸ್ತ್ರವನ್ನು ಬಲ್ಲ ಬ್ಯಾರನ್ ಪಿಯೇರ್ ಲ ರ್‍ವಾ. 1923ರಲ್ಲಿ ಬೆಳೆಗಾರರ ಸಂಘವು ತನಗೆ ತಾನೇ ಕಟ್ಟಳೆಗಳನ್ನು ವಿಧಿಸಿಕೊಂಡಿತು. ಲ್ಯಾವೆಂಡರ್ ಮತ್ತು ಥೈಮ್ ಮೂಲಿಕೆಗಳೆರಡೂ ಬೆಳೆಯುವಂಥ ಒಣನೆಲವೇ ಈ ಹೆಸರಿಗೆ ಅರ್ಹ. ದ್ರಾಕ್ಷಿಯ ಜಾತಿಗಳು ನಿಯತ. ಮದ್ಯಸಾರವು ನೂರಕ್ಕೆ 12.5ಕ್ಕಿಂತ ಕಡಮೆಯಿರಕೂಡದು, ಕುಯ್ಲಿನಲ್ಲಿ ಕೆಟ್ಟ ಹಣ್ಣನ್ನು ಆರಿಸಿ ತೆಗೆಯತಕ್ಕದ್ದು. ಮೊಕದ್ದಮೆಯು ದೀರ್ಘವಾಗಿ ನಡೆದು, 1933ರಲ್ಲಿ ಫ್ರಾನ್ಸಿನ ಪರಮೋಚ್ಚ ನ್ಯಾಯಾಲಯವು ಸಂಘದ ಪಕ್ಷವನ್ನೇ ಎತ್ತಿಹಿಡಿಯಿತು. 1935ರಲ್ಲಿ ಸ್ಥಳನಾಮಗಳ ರಕ್ಷಣೆಗೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದಿತು; ಮರುವರ್ಷ ಅದರ ಆಶ್ರಯವನ್ನು ಪಡೆದ ಮೊದಲಿನವುಗಳಲ್ಲಿ ಷಾತೋನೆಫ್ ಒಂದು.

1936ರ ಶಾಸನವು 13 ಜಾತಿಗಳನ್ನು ಒಪ್ಪಿತು. ಬಣ್ಣಭೇದಗಳನ್ನು ಬೇರೆಬೇರೆಯಾಗಿ ಎಣಿಸಿದ್ದರಿಂದ 2009ರಲ್ಲಿ ಆ ಸಂಖ್ಯೆ 18 ಆಯಿತು. ಬಿಳಿಯ ದ್ರಾಕ್ಷಿಗಳೂ ಈ ಗಣನೆಯಲ್ಲಿ ಸೇರಿವೆ. ಯಾವುದು ಎಷ್ಟು ಪಾಲಿರಬೇಕೆಂಬುದನ್ನು ಶಾಸನವು ಗೊತ್ತುಮಾಡಿಲ್ಲ. ಅದು ಬೆಳೆಗಾರನ ವಿವೇಕಕ್ಕೆ ಬಿಟ್ಟದ್ದು. ಪೋಪರ ಕೋಟೆಯು 1944ರಲ್ಲಿ ಜರ್ಮನ್ ಸೈನಿಕರ ಸ್ಫೋಟಕ್ಕೆ ತುತ್ತಾಗಿ, ಈಗ ಗೋಡೆಯ ಒಂದು ಭಾಗವಷ್ಟೇ ಉಳಿದಿದೆ. ಕೋಟೆಯು ಕಾಯಲಾರದ ಹೆಸರನ್ನು ಬೆಳೆಗಾರರ ಕಟ್ಟಳೆಯು ಕಾಯ್ದಿದೆ. ಸಾಚಾತನದ ಲಕ್ಷಣವು ಬೆರಸದಿರುವುದರಲ್ಲಿಲ್ಲ, ಬೆರಸಿದುದನ್ನು ಬಚ್ಚಿಡದಿರುವುದರಲ್ಲಿದೆ ಎಂಬುದೇ ಈ ಚರಿತ್ರೆಯಿಂದ ಸಿದ್ಧವಾಗುವ ಅಂಶ.