ನಾಲ್ಕು ಮೆಟ್ಟಿಲು ಒಂದಾದ ಕಥೆ

ಹೋದ ಸಲ ಮಾವಿನ ಮಿಡಿ ಉಪ್ಪಿನಕಾಯಿ ಬಗ್ಗೆ ಬರೆದಿದ್ದೆ, ತುಂಬಾ ಜನ ಫೋನ್ ಮಾಡಿ ಅಳತೆ ಕೇಳಿದ್ರಿ. ಈ ಸಲ ಅಡುಗೆಮನೆ ಬಿಟ್ಟು ಬೀದಿಗೆ ಬಂದಿದೀನಿ. ಯಾಕೆ ಅಂತ ಕೊನೇಲಿ ಹೇಳ್ತೀನಿ, ಪೂರ್ತಿ ಓದಿ.

ನಾನು 1990ರಲ್ಲಿ ಮದುವೆಯಾಗಿ ಸಿದ್ದಾಪುರಕ್ಕೆ ಬಂದಾಗ ರಸ್ತೆಯಿಂದ ನಮ್ಮನೆ ಹೊಸಿಲಿಗೆ ನಾಲ್ಕು ಮೆಟ್ಟಿಲು ಹತ್ತಬೇಕಿತ್ತು. ರೇಷ್ಮೆ ಸೀರೆ ಎತ್ತಿ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಹತ್ತಿದ್ದು ಇನ್ನೂ ನೆನಪಿದೆ. ಇವಾಗ ಒಂದೇ ಮೆಟ್ಟಿಲಿದೆ. ಮನೆ ಕುಸಿದಿಲ್ಲ, ರಸ್ತೆ ಮೇಲೆ ಬಂದಿದೆ. ಟಾರು ಹಾಕೋವಾಗೆಲ್ಲ ಹಳೇದನ್ನ ಕೆತ್ತದೆ ಅದರ ಮೇಲೇನೇ ಹಾಕಿದ್ರು. ಮೂರು ಮೆಟ್ಟಿಲು ಟಾರಿನ ಕೆಳಗೆ ಹೋದ್ವು. ನಮಗೆ ಇನ್ನೂ ಒಂದಾದ್ರೂ ಉಳಿದಿದೆ. ನಮಗಿಂತ ಕೆಳಗಡೆ ಇರೋ ಅಕ್ಕನ ಮನೆಗೆ ಈಗ ಮೆಟ್ಟಿಲು ಇಳಿದು ಹೋಗಬೇಕು. ಮನೆ ಬಾಗಿಲಿಗೆ ಇಳಿದು ಹೋಗೋದು ಅಂದ್ರೆ ಮಳೆಗಾಲದಲ್ಲಿ ಏನಾಗುತ್ತೆ ಅಂತ ನಿಮಗೇ ಗೊತ್ತು.

ನಮ್ಮತ್ತೆ ಇದ್ದಾಗ ಒಂದು ಮಾತು ಹೇಳೋರು. "ನೀರಿಗೆ ತನ್ನ ದಾರಿ ಗೊತ್ತು ಕಣೆ, ನಾವು ಮರೆತಿದೀವಿ ಅಷ್ಟೇ." ಆವಾಗ ನಾನು ಹೂಂ ಅಂದು ಸುಮ್ಮನಾಗ್ತಿದ್ದೆ. ಸಿದ್ದಾಪುರಕ್ಕೆ ಒಂದು ಕೆರೆ ಇತ್ತು ಅಂತಲೂ ಅವರೇ ಹೇಳಿದ್ದು. ಬೆಂಗಳೂರಿನ ಕಳೆದುಹೋದ ಕೆರೆಗಳ ಪಟ್ಟಿ ನೋಡಿ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯ್ತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯ್ತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ ಆಯ್ತು. ಅದೇ ಪಟ್ಟೀಲಿ ಸಿದ್ದಾಪುರದ ಕೆರೆ ಹೆಸರೂ ಇದೆ, ಪಕ್ಕದಲ್ಲಿ ಜಯನಗರ ಒಂದನೇ ಬ್ಲಾಕ್ ಅಂತ ಬರೆದಿರ್ತಾರೆ. ಸಂಪಂಗಿ ಕೆರೆಯದ್ದು ಕರಗದ ಪೂಜೆಗೆ ಅಂತ ಒಂದು ಚಿಕ್ಕ ಹೊಂಡವಾದ್ರೂ ಉಳಿದಿದೆ. ನಮ್ಮ ಕೆರೆಗೆ ಆ ಪುಣ್ಯವೂ ಇಲ್ಲ.

ಹಳೇ ಕಾಲದೋರು ಕೆರೆಗಳನ್ನ ಒಂದೊಂದೇ ಬಿಡಿಬಿಡಿಯಾಗಿ ಕಟ್ಟಲಿಲ್ಲ, ಸರಪಳಿ ಥರ ಕಟ್ಟಿದ್ರು. ಬೆಂಗಳೂರು ಎತ್ತರದ ಜಾಗ, ಇಲ್ಲಿ ದೊಡ್ಡ ಹೊಳೆ ಇಲ್ಲ. ಬಿದ್ದ ಮಳೆ ಮೂರು ಕಡೆಗೆ ಹರಿದುಹೋಗುತ್ತೆ: ವೃಷಭಾವತಿ ಕಣಿವೆ, ಹೆಬ್ಬಾಳ ಕಣಿವೆ, ಕೋರಮಂಗಲ-ಚಲ್ಲಘಟ್ಟ ಕಣಿವೆ. ಲಾಲ್‌ಬಾಗ್ ಕಡೆ ಬಿದ್ದ ನೀರು, ನಮ್ಮ ಸಿದ್ದಾಪುರದ ನೀರು ಎಲ್ಲ ಕೋರಮಂಗಲ ಕಣಿವೆಗೆ ಸೇರಿ ಬೆಳ್ಳಂದೂರು ಕೆರೆ ಕಡೆ ಹೋಗುತ್ತೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ರೆ ರಾಜಕಾಲುವೇಲಿ ಕೆಳಗಿನ ಕೆರೆಗೆ ನೀರು. ತೂಬು ಎತ್ತೋದಕ್ಕೆ, ಯಾರ ಹೊಲಕ್ಕೆ ಎಷ್ಟು ಹೊತ್ತು ಅಂತ ನೋಡ್ಕೊಳ್ಳೋದಕ್ಕೆ ನೀರುಗಂಟಿ ಅಂತ ಒಬ್ಬ ಇರ್ತಿದ್ದ. ಬೇಸಿಗೇಲಿ ಊರವರೇ ಹೂಳು ಎತ್ತಿ ಹೊಲಕ್ಕೆ ಗೊಬ್ಬರ ಅಂತ ಹಾಕ್ಕೊಳ್ತಿದ್ರು. ಕೆರೆ ನೀರು ನಿಂತಿದ್ರೆ ಸುತ್ತಲ ಬಾವಿಗಳಲ್ಲೂ ನೀರು. ಲಾಲ್‌ಬಾಗ್ ಪಕ್ಕದ ನಮ್ಮ ಕಡೆ ನರ್ಸರಿಗಳು ಬೆಳೆದಿದ್ದೂ ಮಣ್ಣು, ನೀರು ಎರಡೂ ಚೆನ್ನಾಗಿದ್ದಿದ್ದರಿಂದಲೇ.

ಹಾಗಾದ್ರೆ ಕೆರೆ ಯಾಕೆ ಬೇಡವಾಯ್ತು? ನನಗನ್ನಿಸೋದು, ನಲ್ಲಿ ಬಂತು. 1896ರಲ್ಲಿ ಹೆಸರಘಟ್ಟದ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿದು, 1974ರಲ್ಲಿ ಕಾವೇರಿ. ನೂರು ಕಿಲೋಮೀಟರ್ ದೂರದ ನದಿ ಮನೆ ನಲ್ಲೀಲಿ ಬಂದ ಮೇಲೆ ಪಕ್ಕದ ಕೆರೆ ಯಾರಿಗೆ ಬೇಕು? 1948ರಲ್ಲಿ ರಾಜಾಜಿಯವರು ಬಂದು ಜಯನಗರಕ್ಕೆ ಅಡಿಗಲ್ಲು ಹಾಕಿದ್ರು. ಊರು ಬೆಳೀತು. ಕೆರೆ ಅಂಗಳ ಸಮತಟ್ಟಾದ ಜಾಗ, ಸರ್ಕಾರದ್ದೇ ಜಾಗ, ಬೇಡ ಅನ್ನೋರು ಯಾರೂ ಇಲ್ಲ. 1985ರ ಸುಮಾರಿಗೆ ಲಕ್ಷ್ಮಣರಾವ್ ಸಮಿತಿ ಅಂತ ಮಾಡಿ, ಇನ್ನು ಮೇಲೆ ಕೆರೆ ಒಡೆಯಬಾರದು ಅಂತ ವರದಿ ಬಂತು. ಅಷ್ಟರಲ್ಲಿ ನಮ್ಮ ಕೆರೆ ಇರಲಿಲ್ಲ.

ಸರ್ಕಾರ ಕೆರೆ ಮುಚ್ಚಿತು ಅಂತ ಬೈಯೋದು ಸುಲಭ. ಇವಾಗ ನನ್ನ ಕಥೆ ಹೇಳ್ತೀನಿ.

ನಮ್ಮ ಹಿತ್ತಲಲ್ಲಿ ಬಾವಿ ಇತ್ತು. ಕಾರ್ತಿಕ ಮಾಸದಲ್ಲಿ ನಾಲ್ಕು ಮೊಳ ಹಗ್ಗ ಬಿಟ್ರೆ ಕೊಡ ತುಂಬ್ತಿತ್ತು. 1993ರಲ್ಲಿ ಬಾಡಿಗೆಗೆ ಅಂತ ಮೇಲೆ ಎರಡು ರೂಮು ಕಟ್ಟಿಸಿದಾಗ ಬಾವಿಗೆ ಹಳೇ ಇಟ್ಟಿಗೆ, ಗಾರೆ ಎಲ್ಲ ತುಂಬಿಸಿ ಮುಚ್ಚಿದ್ವಿ. ಅತ್ತೆ ಅವತ್ತು ಊಟ ಮಾಡ್ಲಿಲ್ಲ. ಇನ್ನು ಮೂರು ವರ್ಷಕ್ಕೆ ಮುಂದಿನ ಅಂಗಳಕ್ಕೆ ಸಿಮೆಂಟ್ ಹಾಕಿಸಿದ್ದು ಪೂರ್ತಿ ನನ್ನದೇ ಹಟ. ಮಣ್ಣಿನ ಮೇಲೆ ರಂಗೋಲಿ ಸರಿಯಾಗಿ ಕೂರಲ್ಲ, ಮಕ್ಕಳು ಕೆಸರು ತುಳಿದು ಒಳಗೆ ಬರ್ತಾರೆ, ದಿನಾ ಸಗಣಿ ಸಾರಿಸೋಕಾಗಲ್ಲ ಅಂತ. ನನ್ನ ನೋಡಿ ಪಕ್ಕದವರು, ಅವರನ್ನ ನೋಡಿ ಎದುರುಗಡೆಯವರು. ಐದಾರು ವರ್ಷದಲ್ಲಿ ನಮ್ಮ ಬೀದೀಲಿ ಬರೀ ಮಣ್ಣಿನ ಅಂಗಳ ಒಂದೂ ಉಳೀಲಿಲ್ಲ.

ಲೆಕ್ಕ ಹಾಕಿ ನೋಡಿ. ನಮ್ಮದು 30ಕ್ಕೆ 40ರ ಸೈಟು, ಅಂದ್ರೆ ಸುಮಾರು 111 ಚದರ ಮೀಟರ್. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. 50 ಮಿಲಿಮೀಟರ್‌ನ ಒಂದು ಜೋರು ಮಳೆಗೆ ನಮ್ಮ ಒಂದೇ ಸೈಟಲ್ಲಿ 5,500 ಲೀಟರ್, ಹೆಚ್ಚುಕಡಿಮೆ ಒಂದು ಟ್ಯಾಂಕರ್. ಮೊದಲು ಇದರಲ್ಲಿ ಒಂದಷ್ಟು ಹಿತ್ತಲು, ಅಂಗಳದ ಮಣ್ಣಲ್ಲಿ ಇಂಗ್ತಿತ್ತು. ಈಗ ಪೂರ್ತಿ ಗೇಟು ದಾಟಿ ರಸ್ತೆಗೆ. ಬೀದೀಲಿ ಮೂವತ್ತು ಮನೆ ಇದ್ರೆ ಮೂವತ್ತು ಟ್ಯಾಂಕರ್ ಒಂದೇ ಸಲ ಬಿಟ್ಟ ಹಾಗೆ. ಎಲ್ಲಾ ಹೋಗೋದು ಎಲ್ಲಿಗೆ? ಕೆಳಗಿನ ಅಕ್ಕನ ಮನೆಗೆ.

2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆ ಜನ ಟ್ರಾಕ್ಟರಲ್ಲಿ ಆಫೀಸಿಗೆ ಹೋಗಿದ್ದು ಟಿವೀಲಿ ನೋಡಿದ್ವಲ್ಲ, ಆ ವಾರವೇ ಅಕ್ಕನ ಮನೆಗೆ ರಾತ್ರಿ ಎರಡು ಗಂಟೇಲಿ ನೀರು ನುಗ್ಗಿತು. ಅಕ್ಕಿ ಮೂಟೆ, ಹಾಸಿಗೆ, ಮಗಳ ಮಾರ್ಕ್ಸ್ ಕಾರ್ಡ್ ಎಲ್ಲ ನೆನೆದುಹೋಯ್ತು. ಬೆಳಗ್ಗೆ ಕಾಫಿ ಫ್ಲಾಸ್ಕ್ ತಗೊಂಡು ಹೋದೆ. ಅಕ್ಕ ಕಾಫಿ ತಗೊಂಡು ಮೆಲ್ಲಗೆ ಅಂದ್ರು, "ಇದರಲ್ಲಿ ನಿಮ್ಮನೆ ನೀರೂ ಇದೆ ಕಣಮ್ಮ." ಕೋಪದಲ್ಲಿ ಅಂದಿದ್ರೆ ಜಗಳ ಆಡಬಹುದಿತ್ತು. ನನಗೆ ಮಾತೇ ಹೊರಡಲಿಲ್ಲ.

ತಮಾಷೆ ನೋಡಿ, ಒಂದೂವರೆ ವರ್ಷಕ್ಕೆ, 2024ರ ಬೇಸಿಗೇಲಿ, ಅದೇ ಬೀದೀಲಿ ಬೋರ್‌ವೆಲ್ ಬತ್ತಿ ಎಲ್ಲರೂ ಟ್ಯಾಂಕರ್‌ಗೆ ಕಾಯ್ತಾ ನಿಂತಿದ್ವಿ.

ಆಮೇಲೆ ನಾನು ಸ್ವಲ್ಪ ತಿಳ್ಕೊಳ್ಳೋಕೆ ಶುರು ಮಾಡ್ದೆ. ಜಯನಗರ ಐದನೇ ಬ್ಲಾಕಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಪಾರ್ಕ್ ಇದೆ. ಬಟ್ಟೆ ಅಂಗಡಿಗೆ ಹೋಗೋವಾಗ ಎಷ್ಟು ಸಲ ಆ ಕಡೆ ಹೋಗಿದೀನೋ, ಒಳಗೆ ಕಾಲಿಟ್ಟಿರಲಿಲ್ಲ. ಮಾಳಿಗೆ ನೀರು ಸೋಸೋದು ಹೇಗೆ, ಇಂಗುಬಾವಿ ತೋಡೋದು ಹೇಗೆ ಅಂತ ಅಲ್ಲಿ ಮಾದರಿ ಮಾಡಿಟ್ಟಿದಾರೆ. 2009ರಲ್ಲೇ ಇದಕ್ಕೆ ಕಾನೂನು ಬಂದಿದೆ. ಇಂಗುಬಾವಿ ಅಂದ್ರೆ ಮೂರಡಿ ಅಗಲ, ಇಪ್ಪತ್ತಡಿ ಆಳ, ಸುತ್ತ ಸಿಮೆಂಟ್ ರಿಂಗು, ತಳದಲ್ಲಿ ಮಾತ್ರ ಸಿಮೆಂಟ್ ಇಲ್ಲ, ಜಲ್ಲಿ ಅಷ್ಟೇ. ಒಂದಕ್ಕೆ ಸುಮಾರು 4,000 ಲೀಟರ್ ಹಿಡಿಯುತ್ತೆ, ಹಿಡಿದಿದ್ದು ನೆಲಕ್ಕೆ ಇಳೀತಾ ಹೋಗುತ್ತೆ. ತಲೆಮಾರಿನಿಂದ ಬಾವಿ ತೋಡೋ ಮಣ್ಣು ವಡ್ಡರು ಬೆಂಗಳೂರಲ್ಲಿ ಈಗಲೂ ಈ ಕೆಲಸ ಮಾಡ್ತಾರೆ. ಒಂದು ಎಚ್ಚರಿಕೆ: ಚರಂಡಿ ನೀರು, ಬಚ್ಚಲು ನೀರು ಒಂದು ಹನೀನೂ ಇದಕ್ಕೆ ಹೋಗಬಾರದು.

ಜೆ.ಪಿ. ನಗರ ಏಳನೇ ಫೇಸಿನ ಪುಟ್ಟೇನಹಳ್ಳಿ ಕೆರೇನೂ ನೋಡ್ಕೊಂಡು ಬಂದೆ. ಯಲಹಂಕದ ಹತ್ತಿರ ಇದೇ ಹೆಸರಿನ ಇನ್ನೊಂದು ಕೆರೆ ಇದೆ, ಅದಲ್ಲ. ಇದು ಹದಿಮೂರು ಎಕರೆ ಚಿಕ್ಕ ಕೆರೆ. ಸುತ್ತ ಅಪಾರ್ಟ್‌ಮೆಂಟ್ ಬಂದು ನೀರಿನ ದಾರಿ ಕಟ್ಟಿಹೋಗಿ ಕಸದ ಜಾಗ ಆಗಿತ್ತು. ಲೇಖಕಿ ಉಷಾ ರಾಜಗೋಪಾಲನ್ ಮತ್ತೆ ಅಕ್ಕಪಕ್ಕದವರು ಸೇರಿ 2010ರಲ್ಲಿ ಒಂದು ಟ್ರಸ್ಟ್ ಮಾಡಿದ್ರು. 2011ರಲ್ಲಿ ಬಿಬಿಎಂಪಿ ಜೊತೆ ಒಪ್ಪಂದ ಮಾಡ್ಕೊಂಡು ಕೆರೆ ನೋಡ್ಕೊಳ್ಳೋ ಕೆಲಸ ತಗೊಂಡ್ರು. ಗಿಡ ನೆಟ್ಟಿದ್ದಷ್ಟೇ ಅಲ್ಲ, ಸುತ್ತಮುತ್ತ ರಸ್ತೆ, ಅಪಾರ್ಟ್‌ಮೆಂಟ್ ಕಡೆಯಿಂದ ಸುಮ್ಮನೆ ಹರಿದು ಹೋಗ್ತಿದ್ದ ಮಳೆನೀರನ್ನ ಕೆರೆಗೆ ತಿರುಗಿಸಿದ್ರು. ನಾನು ಹೋದಾಗ ನೀರುಕಾಗೆ ರೆಕ್ಕೆ ಒಣಗಿಸ್ಕೊಂಡು ಕೂತಿತ್ತು. ನಮ್ಮ ಥರಾನೇ ಮನೆ ಕೆಲಸ ಮುಗಿಸಿ ಬಂದ ಹೆಂಗಸರು ಕೆರೆ ಸುತ್ತ ವಾಕ್ ಮಾಡ್ತಿದ್ರು. ನಮಗೆ ಕೆರೆ ವಾಪಸ್ ಬರಲ್ಲ, ಆದ್ರೆ ನೀರು ಹೋಗೋ ದಾರಿ ತಿರುಗಿಸಬಹುದು ಅಂತ ಅಲ್ಲಿ ಗೊತ್ತಾಯ್ತು.

ದೊಡ್ಡ ಕೆಲಸಾನೂ ನಡೆದಿದೆ. ಮೆಜೆಸ್ಟಿಕ್ ಹತ್ತಿರದಿಂದ ಶಾಂತಿನಗರ, ಕೋರಮಂಗಲ ದಾಟಿ ಬೆಳ್ಳಂದೂರಿಗೆ ಹೋಗೋ ರಾಜಕಾಲುವೆಗೆ ಕೆ-100 ಅಂತ ಹೆಸರಿಟ್ಟು 2021ರಿಂದ ರಿಪೇರಿ ಮಾಡಿದ್ರು. ಕೊಳಚೆ ಬೇರೆ ಪೈಪಿಗೆ, ಪಕ್ಕದಲ್ಲಿ ಓಡಾಡೋ ದಾರಿ, ಗಿಡ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 2011ರಿಂದ 25 ವರ್ಷದ ಯೋಜನೇನೇ ಇದೆಯಂತೆ. ದೊಡ್ಡ ಪೈಪು ಹೂಳೋ ಬದಲು ರಸ್ತೆ ಪಕ್ಕ, ಸ್ಕೂಲ್ ಅಂಗಳದಲ್ಲಿ ಮಣ್ಣು, ಗಿಡದ ತಗ್ಗು ಮಾಡಿ ಮಳೆನೀರು ಅಲ್ಲಲ್ಲೇ ಇಂಗಿಸೋದು. ನಮ್ಮಜ್ಜಿ ತೆಂಗಿನ ಬುಡಕ್ಕೆ ಪಾತಿ ಮಾಡ್ತಿದ್ದಿದ್ದು ಇದನ್ನೇ ಅಲ್ವಾ?

ಇವಾಗ ನಮ್ಮ ಬೀದಿ ವಿಷಯ. ಹೋದ ತಿಂಗಳು ರಸ್ತೆ ಕೆಲಸದವರು ಬಂದು ಅಳತೆ ತಗೊಂಡ್ರು. ಮತ್ತೆ ಟಾರು, ಎರಡೂ ಪಕ್ಕ ಗೋಡೆ ತನಕ ಕಾಂಕ್ರೀಟ್, ಹೊಂಗೆ ಮರದ ಬುಡಕ್ಕೂ ಕಾಂಕ್ರೀಟ್. ಇನ್ನು ನಾಲ್ಕು ಇಂಚು ಎತ್ತರ ಆದ್ರೆ ನನ್ನ ಕೊನೇ ಮೆಟ್ಟಿಲು ಹೋಗುತ್ತೆ, ಅಕ್ಕನ ಮನೆ ವಾಸಕ್ಕೇ ಆಗಲ್ಲ. ನಾವು ಕೇಳಿದ್ದಕ್ಕೆ, "ಏನಿದ್ರೂ ಬರೆದು ಕೊಡಿ ಮೇಡಂ" ಅಂದು ಬೈಕ್ ಹತ್ತಿದ್ರು. ಹೇಳೋಣ ಅಂದ್ರೆ 2020ರ ಸೆಪ್ಟೆಂಬರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಎಲೆಕ್ಷನ್ನೇ ಆಗಲಿಲ್ಲ. ಆದ್ರೂ ವಾರ್ಡ್ ಸಮಿತಿ ಅಂತ ಕಾನೂನಲ್ಲಿದೆ, ನಿವಾಸಿಗಳ ಮಾತು ಕೇಳಬೇಕು ಅಂತಲೂ ಇದೆ.

ಅದಕ್ಕೆ ಬರೆದು ಕೊಡೋಣ ಅಂತ ಒಂದು ಮಧ್ಯಾಹ್ನ ನಮ್ಮ ಮಾಳಿಗೆ ಮೇಲೆ ಒಂಬತ್ತು ಜನ ಸೇರಿದ್ವಿ. ನೆಲದ ಮೇಲೆ ರಂಗೋಲಿ ಪುಡೀಲೇ ಬೀದಿ ನಕ್ಷೆ ಬರೆದ್ವಿ. ಮಳೆ ಬಂದಾಗ ನಿಮ್ಮ ಗೇಟ್ ಹತ್ತಿರ ಎಷ್ಟು ನೀರು ಅಂದ್ರೆ, ಒಬ್ಬರು ಪಾದ ತೋರಿಸಿದ್ರು, ಒಬ್ಬರು ಮೊಣಕಾಲು. ಕೆಳಗಿನ ಅಕ್ಕ ಎದ್ದು ನಿಂತು ಸೊಂಟದ ಹತ್ತಿರ ಕೈ ಇಟ್ರು. ಎಲ್ಲರೂ ಸುಮ್ಮನಾದ್ವಿ. ನಾಲ್ಕು ಮಾತು ಬರೆದ್ವಿ. ಹಳೇ ಟಾರು ಕೆತ್ತಿ ಆಮೇಲೆ ಹೊಸದು ಹಾಕಿ. ಮರದ ಬುಡಕ್ಕೆ ನಾಲ್ಕಡಿ ಮಣ್ಣು ಬಿಡಿ. ಮೇಲಿನ ತಿರುವಿನಲ್ಲೇ ಎರಡು ಇಂಗುಬಾವಿ ತೋಡಿ, ಕೊಳಚೆ ಸೇರದ ಹಾಗೆ. ಮಳೆಗಾಲಕ್ಕೆ ಮುಂಚೆ ಮೋರಿ ಹೂಳು ತೆಗೀರಿ. ಪಾರ್ಕಿಂಗ್‌ಗೆ ಜಾಗ ಹೋಗುತ್ತೆ ಅಂತ ಇಬ್ಬರು ಸೈನ್ ಹಾಕ್ಲಿಲ್ಲ. ಅವರ ಕಷ್ಟಾನೂ ಇದೆ, ಇನ್ನೊಂದು ಸಲ ಕೂತು ಮಾತಾಡಬೇಕು.

ಬೇರೆಯವರಿಗೆ ಹೇಳೋ ಮುಂಚೆ ನಾನು ಮಾಡಬೇಕಲ್ಲ. ಮೊನ್ನೆ ಅಂಗಳದ ಅರ್ಧ ಸಿಮೆಂಟ್ ಒಡೆಸಿದೆ. ಮೂವತ್ತು ವರ್ಷದ ಕೆಳಗೆ ಮುಚ್ಚಿದ ಮಣ್ಣು ಕಪ್ಪಗೆ, ಗಟ್ಟಿಯಾಗಿ ಇತ್ತು. ಹಿತ್ತಲ ಬಾವಿ ಮೇಲೆ ಈಗ ಗೋಡೆ ಇದೆ, ಅದನ್ನ ತೆಗೆಯೋಕಾಗಲ್ಲ. ಅದಕ್ಕೆ ಅಂಗಳದ ಮೂಲೇಲಿ ಒಂದು ಇಂಗುಬಾವಿ ತೋಡಿಸ್ತಿದೀವಿ. ರಂಗೋಲಿಗೆ ಹೊಸಿಲ ಮುಂದೆ ಮೂರಡಿ ಸಾಕು.

ಬರೋ ಭಾನುವಾರ ಹನ್ನೊಂದು ಗಂಟೆಗೆ ರಸ್ತೆ ಇಂಜಿನಿಯರ್ ಬರ್ತೀನಿ ಅಂದಿದಾರೆ. ಅಡುಗೆ ಬೇಗ ಮುಗಿಸ್ಕೊಂಡು ಎಲ್ಲರೂ ಬನ್ನಿ. ಸೈನ್ ಹಾಕದೇ ಇರೋರೂ ಬನ್ನಿ. ಚಿತ್ರಾನ್ನ, ಮಜ್ಜಿಗೆ ನಮ್ಮನೇದು. ಕೆಳಗಿನ ಅಕ್ಕನ ಮನೆ ಮುಂದೇನೇ ಸೇರೋಣ, ಇಳಿಯೋ ಮೆಟ್ಟಿಲನ್ನ ಅವರು ಕಣ್ಣಾರೆ ನೋಡಲಿ.