ಗಾಳಿಯನ್ನೂ ಬರೆದಿಟ್ಟ ಇಬ್ಬರು ಮಹಿಳೆಯರು

ರಜೆಯ ದಿನ ಬೆಳಿಗ್ಗೆ ಭಾಂಡೂಪ್ ಕಡೆಯ ಖಾಡಿ ದಂಡೆಗೆ ಹಕ್ಕಿ ನೋಡಲು ಹೋಗುವುದು ನನ್ನ ಅಭ್ಯಾಸ. ಮುಂಬಯಿಯವರಾದ ನಮಗೆ ಥಾಣೆ ಖಾಡಿ ಎಂದರೆ ಫ್ಲೆಮಿಂಗೋಗಳೇ. ಆದರೆ ಅಲ್ಲಿನ ಜೊಂಡು ಹುಲ್ಲಿನ ನಡುವೆ ಚಳಿಗಾಲದಲ್ಲಿ ಗುಬ್ಬಿ ಗಾತ್ರದ ಇನ್ನೊಂದು ಅತಿಥಿ ಇರುತ್ತದೆ, ಬ್ಲೂಥ್ರೋಟ್. ಗಂಡಿನ ಕೊರಳು ನೀಲಿ, ನಡುವೆ ಕೆಂಗಂದು ಬೊಟ್ಟು. ಬಿಸಿಲೇರುವ ಹೊತ್ತಿಗೆ ಅದು ಹೊರಟುಹೋಗಿರುತ್ತದೆ. ಎಲ್ಲಿಗೆ ಎಂದು ಓದುತ್ತಾ ಹೋದಾಗ ನನಗೆ ಸಿಕ್ಕಿದ್ದು ಸ್ಕಾಟ್ಲೆಂಡಿನ ಇಬ್ಬರು ಗೆಳತಿಯರ ಚರಿತ್ರೆ.

ಲಿಯೊನೊರಾ ರಿಂಟೌಲ್ (1878–1953) ಮತ್ತು ಎವೆಲಿನ್ ಬ್ಯಾಕ್ಸ್ಟರ್ (1879–1959) ಪೂರ್ವ ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದವರು. ಹಕ್ಕಿಗಳ ಅಧ್ಯಯನ ಅವರಿಗೆ ಉದ್ಯೋಗವಾಗಿರಲಿಲ್ಲ, ಆಸಕ್ತಿಯಾಗಿತ್ತು. ಫೈಫ್ ದಡದಿಂದ ಸುಮಾರು 8 ಕಿ.ಮೀ. ದೂರದಲ್ಲಿ, ಸಮುದ್ರದ ನಡುವೆ ಮೇ ದ್ವೀಪವಿದೆ. ಉದ್ದ ಎರಡು ಕಿ.ಮೀ. ಕೂಡ ಇಲ್ಲ. ಬಂಡೆ, ಹುಲ್ಲು, ದೀಪಸ್ತಂಭ, ಅಷ್ಟೇ. 1907ರಲ್ಲಿ ಇವರಿಬ್ಬರೂ ಮೊದಲ ಸಲ ಅಲ್ಲಿಗೆ ಹೋದರು. ಅಲ್ಲಿಂದ 1933ರವರೆಗೆ ವಲಸೆಯ ಕಾಲದಲ್ಲಿ ಮತ್ತೆ ಮತ್ತೆ ಹೋಗಿ ತಂಗಿದರು.

ವಸಂತದಲ್ಲಿ, ಅಂದರೆ ಏಪ್ರಿಲ್–ಮೇ ತಿಂಗಳಲ್ಲಿ, ದಕ್ಷಿಣದಿಂದ ಬರುವ ಹಕ್ಕಿಗಳು ದಣಿದು ಈ ದ್ವೀಪದಲ್ಲಿ ಇಳಿಯುತ್ತವೆ. ಒಂದು ದಿನ ಏನೂ ಇಲ್ಲ, ಮರುದಿನ ಪೊದೆಗೊಂದು ಹಕ್ಕಿ! ಯಾಕೆ ಹೀಗೆ? ಇವರು ಯಾವ ಹಕ್ಕಿ, ಎಷ್ಟು, ಯಾವ ದಿನ ಎಂಬುದರ ಜೊತೆಗೆ ಗಾಳಿ ಯಾವ ದಿಕ್ಕಿನದು ಎಂಬುದನ್ನೂ ಗಮನಿಸಿದರು. ವರ್ಷಗಳ ಟಿಪ್ಪಣಿಗಳನ್ನು ಹೊಂದಿಸಿ ನೋಡಿದಾಗ ಉತ್ತರ ಕಂಡಿತು. ಸ್ಕ್ಯಾಂಡಿನೇವಿಯಾದ ಕಡೆ ಹೊರಟ ಹಕ್ಕಿಗಳನ್ನು ಪೂರ್ವದ ಗಾಳಿ ಸಮುದ್ರದ ಮೇಲೆ ಪಶ್ಚಿಮಕ್ಕೆ ತಳ್ಳಿಬಿಡುತ್ತಿತ್ತು. ದ್ವೀಪಕ್ಕೆ ಬಂದ ಅನೇಕ ಹಕ್ಕಿಗಳು ಅದನ್ನು ಆರಿಸಿಕೊಂಡು ಬಂದವಲ್ಲ, ದಾರಿ ತಪ್ಪಿ ಬಂದವು. 1918ರಲ್ಲಿ ‘ಐಬಿಸ್’ ಪತ್ರಿಕೆಯಲ್ಲಿ ಇವರ ಅಧ್ಯಯನ ಪ್ರಕಟವಾಯಿತು. 1950ರ ದಶಕದಲ್ಲಿ ಕೆನೆತ್ ವಿಲಿಯಮ್ಸನ್ ಇದೇ ವಿಚಾರವನ್ನು ಇನ್ನಷ್ಟು ಬೆಳೆಸಿದರು.

ದಿನವಿಡೀ ಡೇಟಾ ಜೊತೆ ಕೆಲಸ ಮಾಡುವ ನನಗೆ ಇಲ್ಲಿ ಕಾಣುವ ವಿಶೇಷ ಒಂದೇ. ಹಕ್ಕಿಯ ಹೆಸರು, ಸಂಖ್ಯೆ ಮಾತ್ರ ಬರೆದಿದ್ದರೆ ಅದು ಬರೀ ಪಟ್ಟಿಯಾಗುತ್ತಿತ್ತು. ಗಾಳಿಯ ದಿಕ್ಕು ಜೊತೆಗಿದ್ದುದರಿಂದ ಅದು ಶೋಧವಾಯಿತು. ಅದಕ್ಕೆ ಬೇಕಾಗಿದ್ದು ಒಂದೇ ಜಾಗಕ್ಕೆ ಬೇಸರವಿಲ್ಲದೆ ಹೋಗುವ ತಾಳ್ಮೆ.

1934ರಲ್ಲಿ ಮೇ ದ್ವೀಪದಲ್ಲಿ ಹಕ್ಕಿ ವೀಕ್ಷಣಾಲಯ ಆರಂಭವಾಯಿತು. ಇಂದಿಗೂ ಸ್ವಯಂಸೇವಕರು ಅಲ್ಲಿ ಸರದಿಯಂತೆ ತಂಗಿ ಲೆಕ್ಕ ಇಡುತ್ತಾರೆ. 1936ರಲ್ಲಿ ಸ್ಕಾಟಿಷ್ ಪಕ್ಷಿತಜ್ಞರ ಸಂಘ ಹುಟ್ಟಲು ಈ ಗೆಳತಿಯರೂ ಕಾರಣರು. 1953ರಲ್ಲಿ ಇಬ್ಬರೂ ಸೇರಿ ಬರೆದ ‘ದಿ ಬರ್ಡ್ಸ್ ಆಫ್ ಸ್ಕಾಟ್ಲೆಂಡ್’ ಎರಡು ಸಂಪುಟಗಳಲ್ಲಿ ಹೊರಬಂತು. ಸ್ಕಾಟ್ಲೆಂಡಿನ ಪಕ್ಷಿಪ್ರಿಯರು ಇವರನ್ನು ಪ್ರೀತಿಯಿಂದ ‘ಗುಡ್ ಲೇಡೀಸ್’ ಎಂದೇ ನೆನೆಯುತ್ತಾರೆ.

ಇನ್ನು ನಮ್ಮ ಬ್ಲೂಥ್ರೋಟ್. ಮೇ ದ್ವೀಪದಲ್ಲಿ ವಸಂತದ ಪೂರ್ವಗಾಳಿಗೆ ಕಾಯುವವರ ಅಚ್ಚುಮೆಚ್ಚಿನ ಹಕ್ಕಿ ಅದೇ! ನಾರ್ವೆಯಲ್ಲಿ ಗೂಡು ಕಟ್ಟುವ ಬ್ಲೂಥ್ರೋಟ್‌ಗಳ ಬೆನ್ನಿಗೆ ಗ್ರಾಂ ತೂಕವೂ ಇಲ್ಲದ ಸಾಧನ ಕಟ್ಟಿ ನೋಡಿದ ವಿಜ್ಞಾನಿಗಳು, ಅವು ಚಳಿಗಾಲ ಕಳೆಯುವುದು ಭಾರತ–ಪಾಕಿಸ್ತಾನದ ಕಡೆ ಎಂದು 2015ರಲ್ಲಿ ತಿಳಿಸಿದರು. ನಮ್ಮಲ್ಲಿ ಬೀಳ್ಕೊಡುಗೆ ಆಗುವಾಗ ಅಲ್ಲಿ ಸ್ವಾಗತದ ಸಿದ್ಧತೆ.

ಥಾಣೆ ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ತಾಣವೂ ಆಯಿತು. ಆದರೂ ಸುತ್ತಲೂ ಕಟ್ಟಡ, ರಸ್ತೆ, ಸೇತುವೆಗಳು ಏಳುತ್ತಲೇ ಇವೆ. ಯಾವ ಹಕ್ಕಿ ಯಾವ ವರ್ಷದಿಂದ ಕಡಿಮೆಯಾಯಿತು ಎಂದು ನಾಳೆ ಯಾರಾದರೂ ಕೇಳಿದರೆ, ಉತ್ತರ ಇರುವುದು ಇಂದು ಬರೆದಿಟ್ಟವರ ಬಳಿ ಮಾತ್ರ. ನಮ್ಮ ಮಹಿಳಾ ವಿಭಾಗದಲ್ಲಿ ತಿಥಿ, ನಕ್ಷತ್ರ, ಹಾಲಿನ ಲೆಕ್ಕ ತಪ್ಪದೆ ಬರೆಯುವವರು ಎಷ್ಟೊಂದು ಮಂದಿ! ಮುಂದಿನ ಚಳಿಗಾಲದಲ್ಲಿ ಒಂದು ಭಾನುವಾರ ಖಾಡಿ ದಂಡೆಗೆ ಬನ್ನಿ. ನನ್ನ ಬಳಿ ಎರಡು ಬೈನಾಕ್ಯುಲರ್ ಇವೆ. ಪುಸ್ತಕ, ಪೆನ್ನು ನೀವು ತನ್ನಿ.