ಕಥೆಪುಸ್ತಕಗಳ ಮೂಲಕ ಪದಸಂಪತ್ತು ಮತ್ತು ಓದಿನ ಗ್ರಹಿಕೆ: ಬೋಧನೆಯ ಇತಿಹಾಸ

ಅಕ್ಷರ ಇನ್ನೂ ಕೈಗೆ ಹತ್ತದ, ಇಲ್ಲವೇ ಆಗತಾನೇ ಹತ್ತುತ್ತಿರುವ ಮಕ್ಕಳಿಗೆ ಕಥೆಪುಸ್ತಕ ಓದಿಹೇಳಿ, ಕಥೆಯ ಬಗ್ಗೆ ಮಾತಾಡಿಸಿ, ಹೊಸ ಪದಗಳನ್ನೂ ಓದಿದ್ದನ್ನು ಅರ್ಥಮಾಡಿಕೊಳ್ಳುವ ಶಕ್ತಿಯನ್ನೂ ಬೆಳೆಸುವ ಬೋಧನಾಕ್ರಮ. ಮಕ್ಕಳಿಗೆ ಕಥೆ ಹೇಳುವ ರೂಢಿ ಎಲ್ಲ ನಾಡುಗಳಲ್ಲೂ ಬಹಳ ಹಳೆಯದು. ಪುಸ್ತಕದಿಂದ ಓದಿಹೇಳಿದ ಕಥೆ ಮಗುವಿಗೆ ಎಷ್ಟು ಭಾಷೆ ಕಲಿಸುತ್ತದೆ ಎಂದು ಅಳೆದು ನೋಡುವ ಕೆಲಸಕ್ಕೆ ಬಲ ಬಂದದ್ದು ಮಾತ್ರ 20ನೆಯ ಶತಮಾನದ ಕೊನೆಯ ದಶಕಗಳಲ್ಲಿ.

ಮೊರಾವಿಯದ ಶಿಕ್ಷಣತಜ್ಞ ಕೊಮೆನಿಯಸ್ 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಪ್ರಕಟಿಸಿದ ‘ಓರ್ಬಿಸ್ ಪಿಕ್ಟಸ್’ ಚಿತ್ರದೊಳಗಿನ ವಸ್ತುಗಳಿಗೆ ಸಂಖ್ಯೆ ಕೊಟ್ಟು, ಅವುಗಳ ಹೆಸರನ್ನು ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳಲ್ಲಿ ಕಲಿಸಿತು. ಅದರಲ್ಲಿ ಪದಗಳಿದ್ದವು, ಕಥೆ ಇರಲಿಲ್ಲ. 1930ರ ದಶಕದಿಂದ ಅಮೆರಿಕದ ಶಾಲೆಗಳನ್ನು ಆವರಿಸಿದ ‘ಡಿಕ್ ಅಂಡ್ ಜೇನ್’ ವಾಚಕಗಳಲ್ಲಿ ಕಥೆಯೆನ್ನಬಹುದಾದದ್ದು ಇತ್ತು. ಆದರೆ ಕೆಲವೇ ಪದಗಳನ್ನು ಅಳೆದು ಕೊಟ್ಟು, ಮತ್ತೆ ಮತ್ತೆ ಹೇಳಿಸಿ ಅವು ಕಥೆಯ ಜೀವವನ್ನೇ ಹಿಂಡಿದವು. ಲೇಖಕ ಜಾನ್ ಹರ್ಸಿ 1954ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಇವನ್ನು ಕಟುವಾಗಿ ಟೀಕಿಸಿದ. ಡಾ. ಸ್ಯೂಸ್ 1957ರಲ್ಲಿ ತಂದ ‘ದ ಕ್ಯಾಟ್ ಇನ್ ದ ಹ್ಯಾಟ್’ ಬಳಸಿದ್ದೂ 236 ಬೇರೆ ಬೇರೆ ಪದಗಳನ್ನಷ್ಟೇ. ಆದರೂ ಅದು ಮಕ್ಕಳನ್ನು ಹಿಡಿದಿಟ್ಟಿತು.

ಪದಗಳನ್ನು ಎಣಿಸುವ ಈ ಹಾದಿಯನ್ನೇ ಬಿಟ್ಟವರು ನ್ಯೂಜಿಲೆಂಡಿನ ಶಿಕ್ಷಕರು. ರಾತ್ರಿ ಮಲಗುವ ಮುನ್ನ ಮನೆಯಲ್ಲಿ ಕೇಳುವ ಕಥೆಯ ಆಪ್ತತೆಯನ್ನು ತರಗತಿಗೆ ತರಲು ಡಾನ್ ಹೋಲ್ಡವೇ ಮತ್ತು ಸಂಗಡಿಗರು ಇಡೀ ತರಗತಿಗೆ ಕಾಣುವಷ್ಟು ದೊಡ್ಡ ಪುಸ್ತಕಗಳನ್ನು ಬಳಸಿದರು. ಈ ಕ್ರಮವನ್ನು ವಿವರಿಸುವ ಹೋಲ್ಡವೇಯ ಗ್ರಂಥ 1979ರಲ್ಲಿ ಹೊರಬಂತು. ಮರುವರ್ಷ ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಫಿಜಿಯಲ್ಲಿ ಪ್ರಯೋಗಕ್ಕಿಳಿದರು. ಪುಸ್ತಕಗಳೇ ವಿರಳವಾಗಿದ್ದ ಹಳ್ಳಿ ಶಾಲೆಗಳ 4 ಮತ್ತು 5ನೆಯ ತರಗತಿಗಳಿಗೆ 250 ಸಚಿತ್ರ ಇಂಗ್ಲಿಷ್ ಕಥೆಪುಸ್ತಕಗಳನ್ನು ಒದಗಿಸಿದರು. ಇಂಗ್ಲಿಷ್ ಆ ಮಕ್ಕಳ ಮನೆಮಾತಲ್ಲ. ಎಂಟು ತಿಂಗಳಲ್ಲಿ ಓದಿ ಮತ್ತು ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಅವರು ಸಾಮಾನ್ಯಕ್ಕಿಂತ ಎರಡು ಪಟ್ಟು ವೇಗದಲ್ಲಿ ಮುಂದುವರಿದರು. ಬಡ ಶಾಲೆಗಳ ಪಾಲಿಗೆ ಇದಕ್ಕಿಂತ ಭರವಸೆಯ ಫಲಿತಾಂಶಗಳು ಈ ಕ್ಷೇತ್ರದಲ್ಲಿ ಹೆಚ್ಚಿಲ್ಲ.

ವಾರ್ವಿಕ್ ಎಲ್ಲಿ 1989ರಲ್ಲಿ ಇನ್ನೊಂದು ಅಂಶವನ್ನು ತೋರಿಸಿದರು: ಕಥೆಯನ್ನು ಸುಮ್ಮನೆ ಓದಿಹೇಳಿದರೂ ಮಕ್ಕಳು ಪದ ಕಲಿಯುತ್ತಾರೆ, ನಡುವೆ ಶಿಕ್ಷಕರು ಚುಟುಕಾಗಿ ಅರ್ಥ ಬಿಡಿಸಿದರೆ ಆ ಕಲಿಕೆ ದುಪ್ಪಟ್ಟಿಗೂ ಹೆಚ್ಚಾಗುತ್ತದೆ. ಅದಕ್ಕೊಂದು ವರ್ಷ ಮೊದಲೇ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಬಳಗ ಎರಡು ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಿಯರಿಗೆ ಸಂವಾದದ ಓದನ್ನು ಹೇಳಿಕೊಟ್ಟಿತ್ತು. ‘ಇದು ನಾಯಿ ತಾನೇ?’ ಎಂದು ಹೌದು-ಅಲ್ಲದಲ್ಲಿ ಮುಗಿಸುವ ಬದಲು ‘ನಾಯಿ ಏನು ಮಾಡ್ತಿದೆ?’ ಎಂದು ಕೇಳಬೇಕು. ಮಗು ‘ಓಡ್ತಿದೆ’ ಎಂದರೆ ‘ಹೌದು, ಹೆದರಿ ಓಡ್ತಿದೆ’ ಎಂದು ಮಾತನ್ನು ಬೆಳೆಸಬೇಕು. ಒಂದು ತಿಂಗಳಲ್ಲೇ ಆ ಮಕ್ಕಳ ಮಾತು ಮುಂದಿತ್ತು. ಇಸಬೆಲ್ ಬೆಕ್ ಮತ್ತು ಮಾರ್ಗರೆಟ್ ಮೆಕೀವನ್ 2001ರಲ್ಲಿ ಇದಕ್ಕೆ ಇನ್ನೊಂದು ತಿದ್ದುಪಡಿ ತಂದರು. ಮಕ್ಕಳು ಕಥೆ ಬಿಟ್ಟು ಚಿತ್ರ ನೋಡಿ ಉತ್ತರ ಊಹಿಸುತ್ತಾರೆ; ಆದ್ದರಿಂದ ಮೊದಲು ಓದಿ, ಚರ್ಚಿಸಿ, ಬಳಿಕ ಚಿತ್ರ ತೋರಿಸಿ ಎಂದರು.

ಕನ್ನಡದಲ್ಲಿ ಶಾಲಾ ತನಿಖಾಧಿಕಾರಿಯೂ ಆಗಿದ್ದ ಪಂಜೆ ಮಂಗೇಶರಾಯರು (1874–1937) ಮಕ್ಕಳ ಕಿವಿಗೊಪ್ಪುವ ಕಥೆ, ಪದ್ಯಗಳನ್ನು ಬರೆದು ದಾರಿ ತೆರೆದರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ‘ನಲಿ-ಕಲಿ’ ಬೋಧನಾಕ್ರಮ ಹಾಡು, ಕಥೆ, ಆಟಗಳನ್ನು ಒಂದನೆಯ ತರಗತಿಗೆ ತಂದಿತು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಯ ಪುಸ್ತಕಗಳನ್ನೂ, 2015ರಿಂದ ಸ್ಟೋರಿವೀವರ್ ಜಾಲತಾಣದಲ್ಲಿ ಉಚಿತ ಕಥೆಗಳನ್ನೂ ಕೊಡುತ್ತಿದೆ.

ಕನ್ನಡ ಕಲಿಯುವ ಮಗುವಿಗೆ ಓದಿಹೇಳುವ ಕಥೆಯ ಅಗತ್ಯ ಇನ್ನೂ ಹೆಚ್ಚು. ಕಾಗುಣಿತ, ಒತ್ತಕ್ಷರಗಳೆಲ್ಲ ಕೈವಶವಾಗಲು ಹಲವು ವರ್ಷ ಬೇಕು. ಸಂಶೋಧಕಿ ಸೊನಾಲಿ ನಾಗ್ ಅವರ ಅಧ್ಯಯನಗಳು ಇದನ್ನು ತೋರಿಸಿವೆ. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಆಡುವ ಮಗುವಿಗೆ ಪಠ್ಯದ ಕನ್ನಡವೂ ಹೊಸದೇ. ಮಗು ತಾನಾಗಿ ಓದುವವರೆಗೆ ಪದಗಳು ಕಿವಿಯ ಮೂಲಕವೇ ಬರಬೇಕು. ಆದ್ದರಿಂದ ಅಂಗನವಾಡಿಯಿಂದಲೇ ದಿನಕ್ಕೊಂದು ಕಥೆ ಓದಿಹೇಳಲು ವೇಳಾಪಟ್ಟಿಯಲ್ಲಿ ಜಾಗ ಇರಬೇಕು, ಬೀರುವಿನಲ್ಲಿರುವ ಪುಸ್ತಕಗಳು ಹೊರಗೆ ಬರಬೇಕು.